ಕಿಟಕಿ ಸರಳು ಕಾಣಿಸುವ ಕೆಂಪು

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಒಂದು ಹಸಿರು ಗಾಜಿನ ಬಾಟಲಿ ಇದೆ. ಈಗ ಯುದ್ಧದ ಕಾಲ, ಸೀಮೆಎಣ್ಣೆಯನ್ನು ಅಳೆದಳೆದು ಕೊಡುತ್ತಾರೆ. ಅದನ್ನು ತರಲು ನಾನು ಮೂಡಿಗೆರೆಗೆ ಹೊರಟಾಗ ಹೆಂಡತಿ ಈ ಬಾಟಲಿಯನ್ನೇ ಚೀಲಕ್ಕೆ ಹಾಕಿ ಕೊಡುತ್ತಾಳೆ. ಎಲ್ಲಿಂದ ಬಂತು ಎಂದು ಒಮ್ಮೆಯೂ ಕೇಳಿಲ್ಲ. ಎಸ್ಟೇಟಿನ ರೈಟರನ ಮನೆಯಲ್ಲಿ ಬಂಗಲೆಯ ಖಾಲಿ ಬಾಟಲಿ ಇರುವುದು ಏನೂ ವಿಶೇಷವಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ. ಹೇಳುವುದಕ್ಕೂ ಈಗ ದಣಿವು. ಬರೆಯುವುದೂ ದಣಿವೇ. ಆದರೆ ಆಯುಸ್ಸು ಪೂರ್ತಿ ಬೇರೆಯವರ ಕಾಗದ ಬರೆದದ್ದಾಯಿತು, ನನ್ನದೂ ಒಂದಿಷ್ಟು ಬರೆದರೆ ಕೈಯೇನೂ ಉದುರಿಹೋಗುವುದಿಲ್ಲ.

ನಾನು ಇಂಗ್ಲಿಷ್ ದೊರೆಯೊಬ್ಬರ ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ, ಮಧ್ಯಾಹ್ನ ಟಪಾಲು, ಸಂಜೆ ಗೋಡೌನಿನ ಬೀಗ. ಇದರ ಜೊತೆಗೆ ಇನ್ನೊಂದು ಕೆಲಸ ನನ್ನ ತಲೆಗೆ ಕಟ್ಟಿಕೊಂಡಿತ್ತು, ನಾಲಿಗೆಯ ಕೆಲಸ. ಹೊಸ ಕಾಫಿಯನ್ನು ಹುರಿದು ಕುದಿಸಿ ಸಾಲಾಗಿ ಬಟ್ಟಲುಗಳಲ್ಲಿ ಇಡುವುದು, ಒಂದೊಂದರಿಂದ ಒಂದು ಚಮಚ ಸೊರ್ರನೆ ಎಳೆದು, ಬಾಯಲ್ಲಿ ಆಡಿಸಿ, ಉಗಿದು, ಇದು ಕೆಳಗಿನ ತೋಟದ್ದು, ಇದು ಮೇಲಿನ ತುದಿಯದ್ದು, ಇದಕ್ಕೆ ಪಕ್ಕದ ಮೂಟೆಯ ಮೆಣಸಿನ ವಾಸನೆ ಹತ್ತಿದೆ ಎಂದು ಹೇಳುವುದು. ದೊರೆ ಹತ್ತರಲ್ಲಿ ಮೂರು ಸಲ ತಪ್ಪುತ್ತಿದ್ದರು. ನಾನು ತಪ್ಪಿದ ನೆನಪಿಲ್ಲ. ಜಂಬ ಎನ್ನಿ ಬೇಕಾದರೆ. ಅದು ಜಂಬವೇ.

ಒಂದು ವರ್ಷ ಮಂಗಳೂರಿನಿಂದ ಕಾಫಿ ಕೊಳ್ಳುವವನು ಬಂದಿದ್ದ. ಮೇಲಿನ ತುದಿಯ ಕಾಫಿಯನ್ನು ಬಟ್ಟಲಲ್ಲಿ ನೋಡಿಯೇ ಮೂಗು ಮುರಿದ. ಬಣ್ಣ ತೆಳು, ಸತ್ವವಿಲ್ಲ ಎಂದ. ಎತ್ತರದ ಗಿಡಗಳ ಕಾಫಿ ಕೆಲವು ಸಲ ಹಾಗೆಯೇ. ನೋಡಲು ಬಡಕಲು, ಆದರೆ ನುಂಗಿ ಎಷ್ಟೋ ಹೊತ್ತಾದ ಮೇಲೂ ಬಾಯಿ ಬಿಟ್ಟು ಹೋಗುವುದಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. "ಸ್ವಾಮಿ, ಕಾಫಿ ಕುಡಿಯೋದು ಬಾಯಲ್ಲಿ, ಕಣ್ಣಲ್ಲಿ ಅಲ್ಲ" ಎಂದುಬಿಟ್ಟೆ. ದೊರೆ ಬಿದ್ದು ಬಿದ್ದು ನಕ್ಕರು. ಆಮೇಲೆ ಬಂದ ಅತಿಥಿಗಳಿಗೆಲ್ಲ ಆ ಮಾತನ್ನು ಹೇಳಿ ನನ್ನನ್ನು ತೋರಿಸುತ್ತಿದ್ದರು. ನಾನು ಬೇಡ ಬೇಡ ಎನ್ನುತ್ತ ಹಿಗ್ಗುತ್ತಿದ್ದೆ.

ಬಂಗಲೆಯ ಬಟ್ಲರ್ ಕಳಸದ ಹತ್ತಿರದ ಸಂಸೆ ಕಡೆಯವನು. ಅವನ ಅಪ್ಪ ಅಮ್ಮ ನಮ್ಮಲ್ಲೇ ಹಣ್ಣು ಕೊಯ್ಯಲು ಬಂದವರು. ಅವನು ಆಳುಗಳ ಲೈನು ಮನೆಯಲ್ಲಿ ಬೆಳೆದು, ಬಂಗಲೆಯ ಅಡುಗೆಮನೆ ಸೇರಿ, ಪಾತ್ರೆ ತಿಕ್ಕುವುದರಿಂದ ಹಿಡಿದು ಒಂದೊಂದೇ ಕಲಿತು ಬಟ್ಲರ್ ಆಗಿದ್ದ. ಓದು ಬರಹ ಇರಲಿಲ್ಲ. ಎಡಗೈ ಮೇಲೆ ಬಿಳಿ ಬಟ್ಟೆ ಮಡಿಸಿ ಹಾಕಿಕೊಂಡು ಅವನು ಮೇಜಿನ ಹತ್ತಿರ ನಿಂತರೆ ದೊರೆಗಿಂತ ಅವನೇ ದೊರೆ. ನಮ್ಮಿಬ್ಬರಿಗೂ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಅವನ ರಾಜ್ಯ ಊಟದ ಕೋಣೆ, ನನ್ನದು ಆಫೀಸು. ನಡುವೆ ಒಂದು ಜಗಲಿ.

ಆ ಊಟದ ಕೋಣೆಗೆ ಎರಡು ವರ್ಷಕ್ಕೊಮ್ಮೆ ಒಂದು ಮರದ ಪೆಟ್ಟಿಗೆ ಬರುತ್ತಿತ್ತು. ಹಿಂದಿನ ಮಹಾಯುದ್ಧದಲ್ಲಿ ದೊರೆಯನ್ನು ಫ್ರಾನ್ಸಿನ ಜುರಾ ಎಂಬ ಬೆಟ್ಟದ ಸೀಮೆಯಲ್ಲಿ ಮರ ಕಡಿಸುವ ಕೆಲಸಕ್ಕೆ ಹಾಕಿದ್ದರಂತೆ. ಅಲ್ಲಿ ಒಬ್ಬ ರೈತನ ಮನೆಯಲ್ಲಿ ಒಂದು ಚಳಿಗಾಲ ಕಳೆದರು. ಆ ರೈತ ತನ್ನ ದ್ರಾಕ್ಷಿಯಿಂದ ತಾನೇ ಮಾಡಿದ ಕೆಂಪು ವೈನನ್ನು ನೆನಪಿಟ್ಟು ಕಳಿಸುತ್ತಿದ್ದ. ಆ ಸೀಮೆಯ ಹೆಸರನ್ನು ಕ್ಲಬ್ಬಿನಲ್ಲಿ ಬೇರೆ ದೊರೆಗಳೂ ಕೇಳಿದವರಲ್ಲ. ನಾನಂತೂ ಆ ವೈನನ್ನು ಕಣ್ಣಿಂದಲೂ ನೋಡಿರಲಿಲ್ಲ. ನನಗೆ ಗೊತ್ತಿದ್ದದ್ದು ಆಫೀಸಿನ ಕಪಾಟಿನಲ್ಲಿದ್ದ ಪೋರ್ಟು ಎಂಬ ವೈನು ಒಂದೇ. ಚಳಿಜ್ವರ ಬಿಟ್ಟ ಆಳುಗಳಿಗೆ ಶಕ್ತಿ ಬರಲೆಂದು ಎರಡೆರಡು ಚಮಚ ನಾನೇ ಅಳೆದು ಕುಡಿಸುತ್ತಿದ್ದೆ. ಕಪ್ಪಗೆ, ಮಂದವಾಗಿ, ಚಮಚಕ್ಕೆ ಅಂಟಿಕೊಳ್ಳುವಂಥದ್ದು. ವೈನ್ ಎಂದರೆ ಅದು ಎಂದು ನನ್ನ ಲೆಕ್ಕ.

ಒಂದು ವರ್ಷ ಬೇಸಿಗೆಗೆ ಮುಂಚೆ ದೊರೆ ರಜೆಯ ಮೇಲೆ ತಮ್ಮ ದೇಶಕ್ಕೆ ಹೋದರು. ಪಕ್ಕದ ಎಸ್ಟೇಟಿನ ದೊರೆ ವಾರಕ್ಕೊಮ್ಮೆ, ಭಾನುವಾರ, ಬಂದು ತೋಟ ನೋಡಿ ನಮ್ಮ ಬಂಗಲೆಯಲ್ಲಿ ಊಟ ಮಾಡಿ ಹೋಗುವುದು ಎಂದಾಯಿತು. ಆ ಬೇಸಿಗೆಯಲ್ಲಿಯೇ ಪೆಟ್ಟಿಗೆ ಬಂತು. ಮಂಗಳೂರಿನಲ್ಲಿ ಹಡಗಿನಿಂದ ಇಳಿದು, ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರದಿಂದ ಎತ್ತಿನ ಗಾಡಿಯಲ್ಲಿ. ದೊರೆಯ ಕಾಗದ ಮೊದಲೇ ಬಂದಿತ್ತು: ಬಾಟಲಿಗಳನ್ನು ತಂಪಿನಲ್ಲಿ ಮಲಗಿಸಿ ಇಡಿ, ಯಾವುದರದಾದರೂ ಬಾಯಿಯ ಬಿರಟೆ ಮೇಲೆದ್ದಿದ್ದರೆ ಅದು ಉಳಿಯುವುದಿಲ್ಲ, ಪಕ್ಕದ ದೊರೆಗೆ ಊಟದ ಜೊತೆ ಕೊಟ್ಟುಬಿಡಿ.

ಒಂದರ ಬಿರಟೆ ಮೇಲೆದ್ದಿತ್ತು. ಶನಿವಾರ ಬಟ್ಲರ್ ಅದನ್ನು ಅಡುಗೆಮನೆಗೆ ಒಯ್ದ. ಉಳಿದವನ್ನು ನಾನು ಬೀಗದಲ್ಲಿಟ್ಟೆ.

ಭಾನುವಾರ ಊಟದ ಹೊತ್ತಿಗೆ ನನ್ನನ್ನು ಕರೆಸಿದರು. ಮೇಜಿನ ಮೇಲೆ ಗಾಜಿನ ಹೂಜಿಯಲ್ಲಿ ಆ ವೈನು. ಅದರ ಹಿಂದೆ ಕಿಟಕಿ. ಮುರುಗಲ ಹಣ್ಣಿನ ಕೆಂಪು ಪಾನಕ ಹೇಗಿರುತ್ತದೋ ಹಾಗಿತ್ತು, ಅದೂ ನೀರು ಹೆಚ್ಚಾದ ಬಡವರ ಮನೆಯ ಪಾನಕ. ಹೂಜಿಯ ಮೂಲಕ ಕಿಟಕಿಯ ಸರಳುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಪಕ್ಕದ ದೊರೆ ವಿಸ್ಕಿಯ ಮನುಷ್ಯ. ಗ್ಲಾಸನ್ನು ದೂರ ತಳ್ಳಿ, "ಇದು ಬರೀ ನೀರು. ರೈಟರ್, ನಾಲಿಗೆ ಇರುವವನು ನೀನಂತಲ್ಲ. ಇದಕ್ಕೆ ನೀರು ಬಿದ್ದಿದೆಯೋ ಇಲ್ಲವೋ?" ಎಂದರು.

ಗೊತ್ತಿಲ್ಲ ಎನ್ನಬಹುದಿತ್ತು. ಮೂರಕ್ಷರ. ಅವತ್ತಿನಿಂದ ಇವತ್ತಿನವರೆಗೆ ಆ ಮಾತನ್ನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೇನೋ. ಅವತ್ತು ಮಾತ್ರ ಹೇಳಲಿಲ್ಲ. ಗ್ಲಾಸನ್ನು ಎತ್ತಿ ಬೆಳಕಿಗೆ ಹಿಡಿದು, ಅತ್ತಿತ್ತ ಅಲ್ಲಾಡಿಸಿ, ದೊಡ್ಡ ಪಂಡಿತನ ಹಾಗೆ, "ಬಿದ್ದಿದೆ" ಎಂದೆ.

ಬಟ್ಲರ್ ನನ್ನ ಕಡೆ ತಿರುಗಿದ. "ದಮ್ಮಯ್ಯ ರೈಟರೇ, ಇದು ಇರೋದೇ ಹೀಗೆ. ನಾನು ಎಂಟು ವರ್ಷದಿಂದ ಬಡಿಸ್ತಾ ಇದ್ದೇನೆ. ಒಂದು ತೊಟ್ಟು ನಾಲಿಗೆ ಮೇಲೆ ಇಟ್ಟು ನೋಡಿ. ಕಾಫಿಗೆ ಮಾಡ್ತೀರಲ್ಲ, ಹಾಗೇ ಮಾಡಿ ಉಗಿದುಬಿಡಿ. ನಿಮ್ಮ ನಾಲಿಗೆಗೆ ಗೊತ್ತಾಗ್ತದೆ."

"ಏನಂದೆ? ಲಿಂಗ ಕಟ್ಟಿದವನಿಗೆ ಹೆಂಡ ಕುಡಿ ಅಂತೀಯಾ?"

ಅಷ್ಟು ಜೋರಾಗಿ ಹೇಳುವ ಅಗತ್ಯವಿರಲಿಲ್ಲ. ನಮ್ಮದು ಮೂಡಿಗೆರೆಯ ಅಂಗಡಿ ಮನೆತನ, ಮನೆಯೊಳಗೆ ಅಂಥದ್ದು ಕಾಲಿಟ್ಟದ್ದಿಲ್ಲ, ಅದು ನಿಜ. ಆದರೆ ಪೋರ್ಟು ಅಳೆದ ಚಮಚವನ್ನು ತೊಳೆಯುವಾಗ ನನ್ನ ಮಡಿ ಎಲ್ಲಿಗೆ ಹೋಗುತ್ತಿತ್ತೋ! ಅವನು ಇನ್ನೊಂದು ಬಾಟಲಿ ತೆಗೆದು ಹೋಲಿಸಿ ನೋಡಿ ಎಂದು ಕೈ ಮುಗಿದ. ಬಿರಟೆ ತೆಗೆದು ಮತ್ತೆ ಹಾಕಿ ಮೇಣ ಮೆತ್ತುವುದು ಬಟ್ಲರನಿಗೆ ಏನು ಕಷ್ಟ, ನಾನು ಬೀಗ ಹಾಕುವ ಮೊದಲೇ ಎಲ್ಲದಕ್ಕೂ ಕೈ ಹಾಕಿರಬಹುದು ಎಂದೆ. ಆ ಮಾತು ಹೇಗೆ ಹೊಳೆಯಿತೋ. ಒಮ್ಮೆ ಬಾಯಿಂದ ಬಂದದ್ದನ್ನು ನಿಜ ಮಾಡಲು ಮನುಷ್ಯನಿಗೆ ಎಲ್ಲಿಲ್ಲದ ಬುದ್ಧಿ ಬರುತ್ತದೆ.

ಪಕ್ಕದ ದೊರೆ ಅವತ್ತೇ ಅವನನ್ನು ತೆಗೆದುಹಾಕಿದರು. ಬಂಗಲೆ ಕೆಲಸದವರಿಗೆ ಚೀಟಿಯೇ ಜೀವ. ಬಿಟ್ಟ ಮನೆಯ ದೊರೆ ಒಂದು ಚೀಟಿ ಬರೆದುಕೊಡಬೇಕು, ಅದನ್ನು ತೋರಿಸಿದರೆ ಮುಂದಿನ ಬಂಗಲೆಯ ಬಾಗಿಲು ತೆರೆಯುತ್ತದೆ. ಚೀಟಿ ಇಲ್ಲದವನನ್ನು ಜಗಲಿಯ ಮೇಲೂ ಹತ್ತಿಸುವುದಿಲ್ಲ. ಪಕ್ಕದ ದೊರೆ ನಾಲ್ಕು ಸಾಲು ಹೇಳಿದರು, ನಾನು ಇಂಗ್ಲಿಷಿನಲ್ಲಿ, ನನ್ನ ಗುಂಡಗಿನ ಅಕ್ಷರದಲ್ಲಿ ಬರೆದೆ, ಅವರು ಸಹಿ ಹಾಕಿದರು. ಎಂಟು ವರ್ಷ ಬಟ್ಲರ್ ಆಗಿದ್ದ, ಅಡುಗೆ ಬಲ್ಲ, ಚೊಕ್ಕಟ, ಯಜಮಾನರು ಇಲ್ಲದಾಗ ಅವರ ವೈನಿಗೆ ನೀರು ಬೆರೆಸಿದವನು.

ಚೀಟಿಯನ್ನು ಅವನ ಕೈಗೆ ಕೊಟ್ಟವನೂ ನಾನೇ. "ಏನು ಬರೆದಿದೆ ರೈಟರೇ?" ಎಂದು ಕೇಳಿದ. "ಬರೆಯಬೇಕಾದ್ದು ಬರೆದಿದೆ" ಎಂದೆ. ಚೀಟಿ ಸಿಕ್ಕಿತಲ್ಲ ಎಂದು ಅವನ ಮುಖ ಒಂದಿಷ್ಟು ತಿಳಿಯಾಯಿತು. ಮೇಣಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೆಂಡತಿ ಮಗಳನ್ನು ಕರೆದುಕೊಂಡು ಸಂಸೆಯ ದಾರಿ ಹಿಡಿದ.

ಕಾರ್ತಿಕದಲ್ಲಿ ದೊರೆ ವಾಪಸು ಬಂದರು. ಮೊದಲು ಕೇಳಿದ್ದೇ ಬಟ್ಲರ್ ಎಲ್ಲಿ ಎಂದು. ನಾನು ನಡೆದದ್ದನ್ನೆಲ್ಲ ಹೇಳಿದೆ, ಸ್ವಲ್ಪ ಜಂಬದಿಂದಲೇ. ಅವರು ಒಳಗೆ ಹೋಗಿ ತಮ್ಮ ಪೆಟ್ಟಿಗೆ ಬಿಚ್ಚಿದರು. ದಾರಿಯಲ್ಲಿ ಜುರಾದ ಆ ರೈತನ ಮನೆಗೆ ಹೋಗಿ ಬಂದಿದ್ದರು. ಅವನು ಕೈಯಾರೆ ಕೊಟ್ಟ ಎರಡು ಬಾಟಲಿಗಳನ್ನು ಬಟ್ಟೆಗಳ ನಡುವೆ ಸುತ್ತಿ ತಾವೇ ತಂದಿದ್ದರು. ಒಂದನ್ನು ನನ್ನೆದುರೇ ತೆರೆದು, ಗ್ಲಾಸಿಗೆ ಸುರಿದು, ಕಿಟಕಿಗೆ ಎದುರಾಗಿ ಇಟ್ಟರು.

ಸರಳುಗಳು ಕಂಡವು.

"ಈ ದ್ರಾಕ್ಷಿ ಸಿಪ್ಪೆ ತೆಳು, ರೈಟರ್. ಬಣ್ಣ ಇಷ್ಟೇ ಬರೋದು" ಎಂದರು ತಮ್ಮ ಮುರುಕು ಕನ್ನಡದಲ್ಲಿ. ಆಮೇಲೆ, "ಆ ಮಂಗಳೂರಿನವನಿಗೆ ನೀನು ಏನು ಹೇಳಿದ್ದೆ?" ಎಂದು ಕೇಳಿದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನದೇ ಮಾತನ್ನು ನನ್ನ ಮುಂದಿಟ್ಟರು.

ಮರುದಿನ ದೊರೆ ತಮ್ಮ ಕೈಯಲ್ಲೇ ಒಂದು ಹೊಸ ಚೀಟಿ ಬರೆದರು. ಎರಡನೆಯ ಬಾಟಲಿಯನ್ನೂ ಕೊಟ್ಟು, "ನೀನೇ ಹೋಗು. ಕರೆದುಕೊಂಡು ಬಾ" ಎಂದರು.

ನಾನು ಹೋಗಲಿಲ್ಲ. ಹೀಗೆ ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಸತ್ಯ ಅದೇ. ಮೊದಲು ಹಣ್ಣು ಕೊಯ್ಲು ಎಂದೆ. ಕೊಯ್ಲು ಮುಗಿಯುವುದರೊಳಗೆ ಜ್ವರ ಬಂತು, ಒಂದು ತಿಂಗಳು ಮಲಗಿದೆ. ಎದ್ದ ಮೇಲೆ ಮೂಟೆಗಳನ್ನು ಮಂಗಳೂರಿಗೆ ಸಾಗಿಸುವ ಗಡಿಬಿಡಿ. ಆಮೇಲೆ ಕಾಫಿ ಅರಳಿಸುವ ಹೂ ಮಳೆ, ಆಮೇಲೆ ದೊಡ್ಡ ಮಳೆ. ಬಾಟಲಿ ಆಫೀಸಿನ ಕಪಾಟಿನಲ್ಲಿ ಪೋರ್ಟಿನ ಪಕ್ಕದಲ್ಲಿ ಮಲಗಿತ್ತು. ಕಪಾಟು ತೆಗೆದಾಗಲೆಲ್ಲ ಕಾಣುತ್ತಿತ್ತು. "ಹೋಗಿ ಬಂದೆಯಾ?" ಎಂದು ದೊರೆ ಮೂರು ಸಲ ಕೇಳಿದರು. "ಹೋಗಬೇಕು ದೊರೆ" ಎಂದು ಮೂರು ಸಲ ಹೇಳಿದೆ. ಆಮೇಲೆ ಅವರು ಕೇಳುವುದನ್ನು ಬಿಟ್ಟರು. ದಣಿದಿದ್ದೆ ಎಂದರೆ ಅದೂ ಸುಳ್ಳಲ್ಲ. ಆದರೆ ಆ ದಣಿವಿನ ಒಳಗೆ ಕೂತಿದ್ದದ್ದು ಹೆದರಿಕೆ.

ವರ್ಷ ತುಂಬಿದ ಮೇಲೆ ಮಾರ್ಗಶಿರದಲ್ಲಿ ಹೊರಟೆ. ಕಳಸದವರೆಗೆ ಗಾಡಿ, ಅಲ್ಲಿ ಒಂದು ರಾತ್ರಿ ಛತ್ರದಲ್ಲಿ ಮಲಗಿ, ಬೆಳಿಗ್ಗೆ ಸಂಸೆಗೆ ನಡೆದೆ. ಜ್ವರ ತಿಂದ ಕಾಲು, ನಾಲ್ಕು ಮಾರು ಏರಿದರೆ ಕೂರಬೇಕು. ಚೀಲದಲ್ಲಿ ಬಾಟಲಿ ಪ್ರತಿ ಹೆಜ್ಜೆಗೂ ತೊಡೆಗೆ ಬಡಿಯುತ್ತಿತ್ತು.

ಅವನು ಯಾರದೋ ಗದ್ದೆಯಲ್ಲಿ ಭತ್ತ ಕೊಯ್ಯುತ್ತಿದ್ದ. ನನ್ನನ್ನು ಕಂಡು ಕುಡುಗೋಲು ಕೆಳಗಿಟ್ಟು ಬಂದ. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. "ಬನ್ನಿ ರೈಟರೇ. ನಡ್ಕೊಂಡೇ ಬಂದ್ರಾ? ಮುಖ ಬಾಡಿದೆ" ಎಂದು ಮನೆಗೆ ಕರೆದುಕೊಂಡು ಹೋಗಿ, ಚಾಪೆ ಹಾಸಿ, ನೀರು ಬೆಲ್ಲ ಇಟ್ಟ. ನಾನು ಬಾಟಲಿ ತೆಗೆದು ಮುಂದಿಟ್ಟೆ. ಹೊಸ ಚೀಟಿಯ ಲಕೋಟೆಯನ್ನೂ ಇಟ್ಟೆ. "ತಪ್ಪಾಯ್ತು ಮಾರಾಯ" ಎಂದೆ ಅಷ್ಟೆ.

ಅವನು ಒಳಗೆ ಹೋಗಿ ಮೇಣಬಟ್ಟೆಯ ಗಂಟು ತಂದ. ಅದರಿಂದ ಹಳೆಯ ಚೀಟಿ ತೆಗೆದು ನನ್ನ ಕೈಗೆ ಕೊಟ್ಟ. ಮಡಿಕೆಗಳಲ್ಲಿ ಹರಿದು ಬೆರಳ ಕೊಳೆ ಹತ್ತಿತ್ತು. "ಮೊದಲು ಇದನ್ನ ಓದಿ ಹೇಳಿ. ಕೊಪ್ಪದ ತನಕ ಎಲ್ಲ ಬಂಗಲೆಗೂ ತೋರಿಸಿದೆ. ಓದ್ತಾರೆ, ವಾಪಸು ಕೊಡ್ತಾರೆ, ಹೋಗು ಅಂತಾರೆ. ಏನುಂಟು ಅಂತ ಒಬ್ಬರೂ ಹೇಳ್ಲಿಲ್ಲ."

ಓದಿದೆ. ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದೆ. ಕೊನೆಯ ಸಾಲನ್ನೂ ಬಿಡಲಿಲ್ಲ.

"ಹಾಗೋ" ಎಂದ ಅವನು.

ಎದ್ದು ಕೈ ತೊಳೆದ. ಹೆಗಲ ಮೇಲಿನ ಟವಲನ್ನು ಕೊಡವಿ ನಾಲ್ಕು ಮಡಿಕೆ ಮಾಡಿ ಎಡಗೈ ಮೇಲೆ ಹಾಕಿಕೊಂಡ. ಚಾಕುವಿನ ತುದಿಯಿಂದ ಬಿರಟೆಯನ್ನು ಮೆಲ್ಲಗೆ ಎಬ್ಬಿಸಿದ. ಮನೆಯಲ್ಲಿ ಗ್ಲಾಸು ಎಲ್ಲಿ ಬರಬೇಕು? ಎರಡು ಹಿತ್ತಾಳೆ ಲೋಟ ತೊಳೆದು ತಂದು, ಬಲಗಡೆಯಿಂದ ಬಗ್ಗಿ, ಒಂದು ಹನಿ ಚೆಲ್ಲದ ಹಾಗೆ ಸುರಿದ. "ಇದನ್ನ ನಾನೂ ಕುಡಿದವನಲ್ಲ. ಮೇಜಿನ ಮೇಲಿಂದು ಮೇಜಿನ ಮೇಲೇ ಇರಬೇಕು, ಅದು ನನ್ನ ಕೆಲಸದ ಮರ್ಯಾದೆ. ಬಣ್ಣ ಗೊತ್ತಿತ್ತು, ವಾಸನೆ ಗೊತ್ತಿತ್ತು, ಅಷ್ಟೆ. ಈಗ ನೋಡುವ. ನೀವು ಮೊದಲು."

ಲಿಂಗವನ್ನು ಮೈಮೇಲಿಂದ ತೆಗೆದಿಡುವ ಹಾಗಿಲ್ಲ. ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡೆ, ಅದರಿಂದ ಏನಾಗುತ್ತದೆಂದು ನನಗೂ ಗೊತ್ತಿಲ್ಲ. ಲೋಟ ಎತ್ತಿ, ಕಾಫಿಗೆ ಮಾಡುವ ಹಾಗೆ ಸೊರ್ರನೆ ಎಳೆದೆ. ಉಗಿಯಲಿಲ್ಲ, ನುಂಗಿದೆ.

ಮೊದಲು ಹುಳಿ, ಕಾಡುನೆಲ್ಲಿ ಕಚ್ಚಿದಾಗಿನ ಹಾಗೆ ದವಡೆಯ ಎರಡೂ ಬದಿಗೆ. ಆಮೇಲೆ ನಮ್ಮ ಕಾಫಿ ಹಣ್ಣಿನ ಕೆಂಪು ಸಿಪ್ಪೆ ಅಗಿದರೆ ಬರುವ ಸಣ್ಣ ಸಿಹಿ. ತೂಕವೇ ಇಲ್ಲ. ಏನೂ ಇಲ್ಲ ಎಂದುಕೊಳ್ಳುವಷ್ಟರಲ್ಲಿ, ಮಳೆ ಬಿದ್ದ ಕಲ್ಲಿನ ವಾಸನೆಯಂಥದ್ದು ಒಂದು ಗಂಟಲಿನಿಂದ ಮೇಲೆ ಬಂತು. ಅದು ಹೋಗಲಿಲ್ಲ. ಕಾದೆ. ಆಗಲೂ ಇತ್ತು. ಥೇಟ್ ನಮ್ಮ ಮೇಲಿನ ತುದಿಯ ಕಾಫಿ. ಒಂದು ತೊಟ್ಟು ಸಾಕಿತ್ತು, ಅವತ್ತು ನನಗೆ ಗೊತ್ತಾಗುತ್ತಿತ್ತು. ಖಂಡಿತ ಗೊತ್ತಾಗುತ್ತಿತ್ತು.

"ನೀರು ಉಂಟಾ?" ಎಂದು ಕೇಳಿದ.

"ಇಲ್ಲ."

ಆಮೇಲೆ ಅವನು ತನ್ನ ಲೋಟದಿಂದ ಒಂದು ಗುಟುಕು ಕುಡಿದ. ಬಾಯಲ್ಲಿ ಇಟ್ಟುಕೊಂಡು ನೆಲ ನೋಡುತ್ತ ಕೂತ. "ಇಷ್ಟೇನಾ" ಎಂದ. ಬೇಸರದಿಂದಲೋ ಸಮಾಧಾನದಿಂದಲೋ, ನನಗೆ ತಿಳಿಯಲಿಲ್ಲ.

ದೊರೆಯ ಹೊಸ ಚೀಟಿಯನ್ನು ಓದಿ ಹೇಳಿದೆ. ಬಂಗಲೆಗೆ ವಾಪಸು ಬರಬೇಕಂತೆ ಎಂದೆ. ಅವನು ಎರಡೂ ಕೈಗಳನ್ನು ಮುಂದೆ ಚಾಚಿದ. ಬಿರುಕು ಬಿಟ್ಟು, ಉಗುರು ಒಡೆದು, ಮಣ್ಣು ಕೂತ ಕೈಗಳು. "ಇದರಲ್ಲಿ ಗ್ಲಾಸು ಹಿಡಿದ್ರೆ ಒಡೀತದೆ ರೈಟರೇ. ಬೇಡ. ಇವಳು ಇದ್ದಿದ್ರೆ ಬರ್ತಿದ್ದೆನೋ ಏನೋ."

ಆಗಲೇ ಗಮನಿಸಿದ್ದು, ಮನೆಯಲ್ಲಿ ಹೆಂಗಸಿನ ಸುಳಿವಿಲ್ಲ ಎಂದು.

"ಹೋದ ಆಷಾಢದಲ್ಲಿ ತೀರಿಕೊಂಡ್ಲು. ನಾನು ದೊರೆಯ ವೈನು ಕದ್ದು ಕುಡಿದು ಕೆಲಸ ಕಳ್ಕೊಂಡೆ ಅಂತ ಊರೆಲ್ಲ ಮಾತು. ನಾನು ಇಲ್ಲ ಅಂದೆ. ಅವಳು ಹೂಂ ಅಂದ್ಲು. ನಂಬ್ಲಿಲ್ಲ. ನಂಬ್ಲಿಲ್ಲ ಅಂತ ನಂಗೆ ಗೊತ್ತಿತ್ತು."

ಆಷಾಢ. ದೊರೆ ನನ್ನ ಕೈಗೆ ಬಾಟಲಿ ಕೊಟ್ಟದ್ದು ಅದಕ್ಕೂ ಹಿಂದಿನ ಕಾರ್ತಿಕದಲ್ಲಿ. ನಡುವೆ ಎಷ್ಟು ಅಮಾವಾಸ್ಯೆ, ಎಷ್ಟು ಹುಣ್ಣಿಮೆ ಎಂದು ಬೆರಳು ಮಡಿಸುವುದೂ ಬೇಕಾಗಿರಲಿಲ್ಲ. ಕಳಸಕ್ಕೆ ಒಂದು ದಿನದ ಗಾಡಿ, ಅಲ್ಲಿಂದ ಒಂದು ಬೆಳಗಿನ ನಡಿಗೆ. ಹೇಳಿಬಿಡಲೇ ಎಂದು ಬಾಯಿ ತೆರೆದೆ. ಹೇಳಿಯೂಬಿಟ್ಟೆ: ಬಾಟಲಿ ಒಂದು ವರ್ಷ ನನ್ನ ಕಪಾಟಿನಲ್ಲೇ ಇತ್ತು, ನಾನು ಬರಲಿಲ್ಲ ಎಂದು.

ಅವನು ನನ್ನನ್ನೇ ನೋಡಿದ. ಆಮೇಲೆ ಮುಖ ತಿರುಗಿಸಿ ಗದ್ದೆಯ ಕಡೆ ನೋಡಿದ. ಬೈಯಲಿ ಎಂದು ಕಾದೆ.

"ಮಗಳು ಕಳಸದ ಶಾಲೆಗೆ ಹೋಗಿ ಕನ್ನಡ ಓದೋಕೆ ಕಲ್ತಿದ್ದಾಳೆ" ಎಂದ ಕಡೆಗೆ. "ದೊರೆ ಬರೆದದ್ದು ಅವಳಿಗೆ ಓದೋಕೆ ಬರೂದಿಲ್ಲ. ನೀವು ಬರೆದು ಕೊಡಿ. ಕನ್ನಡದಲ್ಲಿ."

ದೊರೆಯ ಲಕೋಟೆಯನ್ನು ಬಿಡಿಸಿ ಒಳಮೈಯಲ್ಲಿ ಬರೆದೆ. ಜೇಬಿನಲ್ಲಿ ಪೆನ್ಸಿಲ್ ಯಾವಾಗಲೂ ಇರುತ್ತದೆ. ಕಾಗದ ಬರೆಯುವುದರಲ್ಲೇ ಮುದುಕನಾದವನಿಗೆ ಅವತ್ತು ಎರಡು ಸಾಲು ಮೂಡಲು ಅರ್ಧ ಗಂಟೆ ಹಿಡಿಯಿತು. ನಿನ್ನ ಅಪ್ಪ ವೈನಿಗೆ ನೀರು ಬೆರೆಸಲಿಲ್ಲ, ಕುಡಿಯಲೂ ಇಲ್ಲ. ನೀರು ಬೆರೆಸಿದ್ದಾನೆ ಎಂದು ರುಚಿ ನೋಡದೆ ಸುಳ್ಳು ಹೇಳಿದವನು ನಾನು. ಕೆಳಗೆ ಸಹಿ ಹಾಕಿದೆ.

ಅವನಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದಿ ಎಂದ. ಓದಿದೆ.

ಉಳಿದ ವೈನನ್ನು ಚೊಂಬಿಗೆ ಸುರಿದಿಟ್ಟು ಅವನು ಖಾಲಿ ಬಾಟಲಿಯನ್ನು ನನ್ನ ಚೀಲಕ್ಕೇ ವಾಪಸು ಹಾಕಿದ. ಹಳೆಯ ಚೀಟಿ ಇನ್ನೂ ನನ್ನ ಮಂಡಿಯ ಹತ್ತಿರವೇ ಬಿದ್ದಿತ್ತು. ಹರಿದುಹಾಕಲೆಂದು ಎತ್ತಿಕೊಂಡೆ. ಅವನು ನನ್ನ ಕೈಯಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡ. ನಾನು ಈಗ ಬರೆದುಕೊಟ್ಟದ್ದರ ಮೇಲೆ ಅದನ್ನಿಟ್ಟು, ಎರಡನ್ನೂ ಒಟ್ಟಿಗೆ ಮಡಿಸಿ, ಮೇಣಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದ.

"ಇರಲಿ ರೈಟರೇ" ಎಂದ. "ಎರಡೂ ನಿಮ್ಮದೇ ಅಕ್ಷರ."